ಸಮುರಾಯಿ ಕಾಲದ ಪ್ರಣಯ ಕಾದಂಬರಿಗಳೂ ನಮ್ಮ ಹೆಣ್ಣುಮಕ್ಕಳೂ

ಕಾದಂಬರಿಗಳನ್ನೋದಿ ಹೆಣ್ಣುಮಕ್ಕಳು ಕೆಡುವರೆಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ವೆಂಕಟಾಚಾರ್ಯರ, ಗಳಗನಾಥರ ಪುಸ್ತಕಗಳನ್ನೋದಿ ಕಣ್ಣೀರಿಟ್ಟ ಅಜ್ಜಿಯಂದಿರ ಮೊಮ್ಮಕ್ಕಳು ಇಂದು ಜಪಾನು ದೇಶದ ಸಮುರಾಯಿ ವೀರರ ಪ್ರಣಯ ಕಥೆಗಳನ್ನು ಇಂಗ್ಲೀಷಿನಲ್ಲಿ ಓದುತ್ತಿದ್ದಾರೆ. ಓದದವರು ಅವನ್ನೇ ದೂರದರ್ಶನ ಧಾರಾವಾಹಿಗಳಲ್ಲಿ ನೋಡುತ್ತಿದ್ದಾರೆ. “ಕತ್ತಿ, ರಕ್ತ, ಕದ್ದ ಪ್ರೇಮ, ಇವುಗಳಿಂದ ತುಂಬಿದ ಪುಸ್ತಕಗಳನ್ನು ಹುಡುಗಿಯರ ಕೈಗೆ ಕೊಡಬಹುದೆ?” ಎಂದು ತಾಯ್ತಂದೆಗಳು ಕೇಳುವುದುಂಟು. ಕೊಡಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ನಾವು ಅಂಜಬೇಕಾದುದು ಅವರು ಅಂಜುವ ಸಂಗತಿಗಲ್ಲ. ಆ ಪುಸ್ತಕಗಳಲ್ಲಿರುವ ಪ್ರೇಮದಿಂದ ಹುಡುಗಿಯರಿಗೆ ಅಷ್ಟು ಅಪಾಯವಿಲ್ಲ. ಅವುಗಳಲ್ಲಿ ಹೆಣ್ಣಿನ ಸಾವನ್ನು ಸುಂದರವಾಗಿ ತೋರಿಸುವ ರೀತಿಯಿಂದ ಅಪಾಯವುಂಟು. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಲು ಅಪ್ಪಣೆಯಾಗಬೇಕು.

ಸಮುರಾಯಿಗಳೆಂದರೆ ಒಡೆಯನ ಸೇವೆಯಲ್ಲಿ ಆಯುಧ ಹಿಡಿದ ವಂಶಗಳವರು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅವರ ಆಳ್ವಿಕೆ ಆರಂಭವಾಯಿತು. 1603ರಲ್ಲಿ ತೊಕುಗವಾ ವಂಶದವರು ಷೋಗುನ್ ಪದವಿಗೆ ಬಂದು 1868ರ ವರೆಗೆ ದೇಶವನ್ನಾಳಿದರು. 1876ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಕತ್ತಿ ಧರಿಸುವುದನ್ನು ಸರಕಾರವು ನಿಷೇಧಿಸಿದುದರೊಂದಿಗೆ ಆ ವರ್ಗದ ಹೆಗ್ಗುರುತು ಅಳಿಯಿತು. ಅವರಿಗೆ ಸಂಬಳವು ಅಕ್ಕಿಯ ಲೆಕ್ಕದಲ್ಲಿ ಗೊತ್ತಾಗುತ್ತಿತ್ತು. ಒಬ್ಬ ಮನುಷ್ಯನ ಒಂದು ವರ್ಷದ ಊಟಕ್ಕೆ ಸಾಕೆಂದು ಎಣಿಸಿದ ಕೊಕು ಎಂಬ ಅಳತೆ, ಸುಮಾರು 180 ಲೀಟರು, ಅದರ ಮಾನವಾಗಿತ್ತು. ಉಂಡ ಅನ್ನದ ಋಣಕ್ಕೆ ಪ್ರಾಣವನ್ನೊಪ್ಪಿಸುವ ಈ ಧರ್ಮವು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಹಳೆಯ ಕಾವ್ಯಗಳು ಇದನ್ನೇ ಜೋಳವಾಳಿಯೆಂದು ಕರೆದುವು. ಊರೂರಿನ ವೀರಗಲ್ಲುಗಳು ಅದಕ್ಕೆ ಸಾಕ್ಷಿಯಾಗಿವೆ. ಅವುಗಳ ಪಕ್ಕದಲ್ಲಿ ಕೆಲವೆಡೆ ನಿಂತಿರುವ ಮಾಸ್ತಿಗಲ್ಲುಗಳು ಆ ಧರ್ಮಕ್ಕೆ ಹೆಂಗಸರು ತೆತ್ತ ಬೆಲೆಗೆ ಸಾಕ್ಷಿಯಾಗಿವೆ. ಜಪಾನಿನ ಕಥೆಗಳನ್ನು ಓದುವಾಗ ಈ ಎರಡನೆಯ ಕಲ್ಲನ್ನು ಮರೆಯಬಾರದು.

ಈ ಕಾದಂಬರಿಗಳಲ್ಲಿ ಒಳ್ಳೆಯದು ಏನೂ ಇಲ್ಲವೆಂದು ನಾವು ಹೇಳುವುದಿಲ್ಲ. ಜಪಾನೀಯರು ಗಿರಿ ಎಂದೂ ನಿಂಜೊ ಎಂದೂ ಎರಡು ಮಾತುಗಳನ್ನು ಬಳಸುತ್ತಾರೆ. ಮೊದಲನೆಯದು ಲೋಕಕ್ಕೆ ಸಲ್ಲಬೇಕಾದ ಕರ್ತವ್ಯ. ಎರಡನೆಯದು ಮನುಷ್ಯನ ಎದೆಯಲ್ಲಿ ತಾನಾಗಿ ಹುಟ್ಟುವ ಮಮತೆ. ಚಿಕಮತ್ಸು ಎಂಬ ನಾಟಕಕಾರನು (1653–1725) ಬೊಂಬೆಯಾಟಕ್ಕಾಗಿ ಬರೆದ ನಾಟಕಗಳಿಂದ ಹಿಡಿದು ಇಂದಿನ ಕಾದಂಬರಿಗಳ ವರೆಗೆ ಕಥೆಯೆಲ್ಲವೂ ಈ ಎರಡರ ಘರ್ಷಣೆಯಿಂದ ಹುಟ್ಟುತ್ತದೆ. ಮನಸ್ಸಿಗೆ ಬಂದುದನ್ನೆಲ್ಲ ಕೂಡಲೇ ಆಡಿ, ಬೇಕೆನಿಸಿದುದನ್ನೆಲ್ಲ ಕೂಡಲೇ ಪಡೆಯಬೇಕೆನ್ನುವ ಈ ಕಾಲದಲ್ಲಿ, ಆಡದೆ ಉಳಿದ ಮಾತಿನ ಬೆಲೆಯನ್ನು ತಿಳಿಸುವ ಕಥೆಯನ್ನು ಹುಡುಗಿಯರು ಓದಿದರೆ ನಷ್ಟವೇನು? ಒಬ್ಬನು ತನ್ನ ಸುಖಕ್ಕಿಂತ ದೊಡ್ಡದೊಂದಕ್ಕೆ ಕಟ್ಟುಬಿದ್ದು ನಡೆಯಬಲ್ಲನೆಂಬುದು ತಿಳಿಯತಕ್ಕ ವಿಷಯವೇ ಸರಿ.

ಆದರೆ ಕರ್ತವ್ಯವನ್ನು ಗೊತ್ತುಮಾಡಿದವರು ಯಾರು, ಅದರ ಬೆಲೆಯನ್ನು ತೆತ್ತವರು ಯಾರು, ಎಂಬ ಪ್ರಶ್ನೆಯನ್ನು ಈ ಕಥೆಗಳು ಬಹುಮಟ್ಟಿಗೆ ಕೇಳುವುದಿಲ್ಲ. ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವನ್ನು ಕೊಡುತ್ತೇವೆ. ಜೇಮ್ಸ್ ಕ್ಲಾವೆಲ್ 1975ರಲ್ಲಿ ಪ್ರಕಟಿಸಿದ “ಷೋಗುನ್” ಎಂಬ ಇಂಗ್ಲೀಷು ಕಾದಂಬರಿಯು ಲೋಕವಿಖ್ಯಾತವಾಗಿದೆ. ಅದು 1980ರಲ್ಲೊಮ್ಮೆ, 2024ರಲ್ಲಿ ಮತ್ತೊಮ್ಮೆ ದೂರದರ್ಶನಕ್ಕೆ ಬಂದಿತು. ಅದರ ನಾಯಿಕೆ ಮರಿಕೊ ಎಂಬಾಕೆ ಕ್ರೈಸ್ತಳು, ವಿದ್ಯಾವತಿ, ಒಡೆಯನ ಕಾರ್ಯಕ್ಕಾಗಿ ಪ್ರಾಣವನ್ನರ್ಪಿಸುವವಳು. ಆಕೆಗೂ ಇಂಗ್ಲೆಂಡಿನ ಒಬ್ಬ ನಾವಿಕನಿಗೂ ಪ್ರಣಯವುಂಟಾಗುತ್ತದೆ. ಈ ಪಾತ್ರಕ್ಕೆ ಮೂಲವಾದವಳು ಹೊಸೊಕವಾ ಗರಾಷಿಯಾ ಎಂಬ ನಿಜವಾದ ಸ್ತ್ರೀ. ನಾವಿಕನಿಗೆ ಮೂಲನಾದವನು 1600ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ತೀರವನ್ನು ಸೇರಿದ ವಿಲಿಯಂ ಆಡಮ್ಸ್. ಇವರಿಬ್ಬರು ಒಬ್ಬರನ್ನೊಬ್ಬರು ಕಂಡರೆಂಬುದಕ್ಕೆ ಚರಿತ್ರೆಯಲ್ಲಿ ಯಾವ ಆಧಾರವೂ ಇಲ್ಲ.

ಹಾಗಾದರೆ ನಿಜವಾಗಿ ನಡೆದುದೇನು? 1563ರಲ್ಲಿ ಹುಟ್ಟಿದ ಆಕೆಯ ಮೊದಲ ಹೆಸರು ತಮಾ. 1578ರಲ್ಲಿ, ಓದ ನೊಬುನಾಗ ಎಂಬ ಪ್ರಭುವಿನ ಇಚ್ಛೆಯಂತೆ, ಹೊಸೊಕವಾ ತದಾಓಕಿ ಎಂಬ ಯುವಕನೊಡನೆ ಆಕೆಯ ವಿವಾಹವಾಯಿತು. 1582ರಲ್ಲಿ ಆಕೆಯ ತಂದೆ ಅಕೆಚಿ ಮಿತ್ಸುಹಿದೆ ಆ ಪ್ರಭುವಿನ ಮೇಲೆಯೇ ಎದ್ದು ಅವನ ಸಾವಿಗೆ ಕಾರಣನಾಗಿ, ಎರಡು ವಾರಗಳೊಳಗೆ ತಾನೂ ಸೋತು ಸತ್ತನು. ತಂದೆಯ ಅಪರಾಧಕ್ಕೆ ಶಿಕ್ಷೆ ಮಗಳಿಗೆ ಬಂದಿತು. ಆಕೆಯನ್ನು ಬೆಟ್ಟಗಾಡಿನ ಒಂದು ಹಳ್ಳಿಯಲ್ಲಿ 1584ರ ವರೆಗೆ ಮರೆಯಲ್ಲಿರಿಸಿದರು. ಆಮೇಲೆ ಒಸಾಕಾ ಪಟ್ಟಣದ ಮನೆಗೆ ಕರೆತಂದರೂ ಹೊಸ್ತಿಲು ದಾಟುವ ಸ್ವಾತಂತ್ರ್ಯವಿರಲಿಲ್ಲ. 1587ರಲ್ಲಿ ಗಂಡನು ಯುದ್ಧಕ್ಕೆ ಹೋಗಿದ್ದಾಗ ಒಮ್ಮೆ ಮಾತ್ರ ಗುಟ್ಟಾಗಿ ದೇವಾಲಯಕ್ಕೆ ಹೋಗಿಬಂದಳು. ಎರಡನೆಯ ಸಲ ಹೋಗುವುದಕ್ಕಾಗದೆ, ಪಾದ್ರಿಗಳ ಅನುಮತಿಯಿಂದ ತನ್ನ ಸಖಿಯ ಕೈಯಿಂದಲೇ ಮನೆಯೊಳಗೆ ದೀಕ್ಷಾಸ್ನಾನವನ್ನು ಪಡೆದು ಗರಾಷಿಯಾ ಎಂಬ ಹೆಸರನ್ನು ಹೊಂದಿದಳು. 1600ರಲ್ಲಿ ರಾಜ್ಯಕ್ಕಾಗಿ ಎರಡು ಪಕ್ಷಗಳು ಎದುರುಬದುರಾದಾಗ, ಒಂದು ಪಕ್ಷದವರು ಎದುರಾಳಿ ಪ್ರಭುಗಳ ಹೆಂಡಂದಿರನ್ನು ಒತ್ತೆಯಾಗಿ ಹಿಡಿಯಹೊರಟರು. ಮಾನಕ್ಕೆ ಕುಂದು ಬರುವ ಸಮಯ ಬಂದರೆ ಹೆಂಡತಿಯನ್ನು ಕೊಲ್ಲಬೇಕೆಂದು ಗಂಡನು ಮೊದಲೇ ಸೇವಕರಿಗೆ ಆಜ್ಞಾಪಿಸಿದ್ದನು. ಆತ್ಮಹತ್ಯೆಯು ಆಕೆಯ ಮತಕ್ಕೆ ವಿರುದ್ಧವಾದುದರಿಂದ ಮನೆಯ ಹಿರಿಯ ಸೇವಕನೊಬ್ಬನು ಆಕೆಯನ್ನು ಕೊಂದು ಮನೆಗೆ ಬೆಂಕಿಯಿಟ್ಟನು. ಸಾಯುವುದಕ್ಕೆ ಮುಂಚೆ ಆಕೆ ತನ್ನ ಪರಿಚಾರಿಕೆಯರನ್ನು ಹೊರಗೆ ಕಳುಹಿಸಿ ಅವರ ಪ್ರಾಣವನ್ನುಳಿಸಿದಳು.

ಕಾದಂಬರಿಯ ಮರಿಕೊ ತಾನೇ ಆರಿಸಿಕೊಂಡ ಮಹಾಕಾರ್ಯಕ್ಕಾಗಿ ಮಡಿಯುತ್ತಾಳೆ. ನಿಜವಾದ ಗರಾಷಿಯಾಳ ಸಾವನ್ನು ಆಕೆಯ ಗಂಡನು ಮೊದಲೇ ಆಜ್ಞೆಯಾಗಿ ಬರೆದಿಟ್ಟ ಹಾಗಾಗಿತ್ತು. ಈ ವ್ಯತ್ಯಾಸವು ಸಣ್ಣದಲ್ಲ. ಆಜ್ಞೆಯನ್ನು ಮರೆಮಾಡಿ ಆಯ್ಕೆಯೆಂದು ತೋರಿಸುವುದೇ ಇಂತಹ ಕಥೆಗಳ ಮುಖ್ಯ ದೋಷ. ಈ ದೋಷಕ್ಕೆ ನಮ್ಮ ಮತದವರೂ ಹೊರತಲ್ಲ. 1698ರಲ್ಲಿ ವಿಯೆನ್ನಾ ನಗರದಲ್ಲಿ ಜೆಸ್ವಿತರು ಇದೇ ಗರಾಷಿಯಾಳನ್ನು ಕುರಿತು “ಧೀರ ಸ್ತ್ರೀ” ಎಂಬ ಅರ್ಥದ ಹೆಸರಿನ ಲ್ಯಾಟಿನ್ ಸಂಗೀತ ನಾಟಕವನ್ನು ಚಕ್ರವರ್ತಿಯ ಪರಿವಾರದ ಮುಂದೆ ಆಡಿದರು. ಅಲ್ಲಿ ಆಕೆ ಗಂಡನ ಹಿಂಸೆಯನ್ನು ಸಹಿಸಿ ಪ್ರಾಣಬಿಟ್ಟ ರಕ್ತಸಾಕ್ಷಿಯಾದಳು. ಒಬ್ಬರಿಗೆ ಆಕೆ ಪ್ರಣಯಿನಿ, ಮತ್ತೊಬ್ಬರಿಗೆ ಸಂತಳು. ಮರೆಯಲ್ಲಿದ್ದ ವರ್ಷಗಳಲ್ಲಿ ಆಕೆ ಏನನ್ನು ಯೋಚಿಸಿದಳೆಂಬುದು ಯಾರಿಗೂ ಬೇಕಾಗಲಿಲ್ಲ.

ಜಪಾನೀಯರೇ ಬರೆದ ಕಥೆಗಳಲ್ಲಿಯೂ ಸ್ಥಿತಿಯು ಹೆಚ್ಚು ಬೇರೆಯಾಗಿಲ್ಲ. ಯೊಷಿಕವಾ ಏಜಿ ಎಂಬವರ “ಮುಸಾಷಿ” ಕಾದಂಬರಿಯು 1935ರಿಂದ 1939ರ ವರೆಗೆ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಅಪಾರ ಜನಪ್ರಿಯತೆಯನ್ನು ಗಳಿಸಿತು. ಕಥಾನಾಯಕನು ಹದಿನೇಳನೆಯ ಶತಮಾನದ ಪ್ರಸಿದ್ಧ ಖಡ್ಗಧಾರಿ. ಅವನನ್ನು ಪ್ರೀತಿಸುವ ಓತ್ಸು ಎಂಬಾಕೆ ಮಾತ್ರ ಕಾದಂಬರಿಕಾರರ ಕಲ್ಪನೆ. ಈಕೆಯ ಕೆಲಸವೇನು? ಕಾಯುವುದು. ಸೇತುವೆಯ ಬಳಿ ಮೂರು ವರ್ಷ ಕಾಯುತ್ತಾಳೆ. ಅವನು ಕ್ಷಮೆ ಬೇಡುವ ಮಾತನ್ನು ಸೇತುವೆಯ ಮರದಲ್ಲಿ ಕೆತ್ತಿ ತನ್ನ ದಾರಿ ಹಿಡಿಯುತ್ತಾನೆ. ಅವಳು ಮತ್ತೆ ಹುಡುಕಿಕೊಂಡು ಹೊರಡುತ್ತಾಳೆ. ಪುರುಷನು ಪುಟಪುಟಕ್ಕೂ ಕಲಿಯುತ್ತಾನೆ, ಬೆಳೆಯುತ್ತಾನೆ. ಸ್ತ್ರೀಯು ಮೊದಲ ಪುಟದಲ್ಲಿದ್ದ ಹಾಗೆಯೇ ಕೊನೆಯ ಪುಟದಲ್ಲಿಯೂ ಇರುತ್ತಾಳೆ. ಇದನ್ನು ಪಾತಿವ್ರತ್ಯವೆಂದು ಹೊಗಳುವವರನ್ನು ನಾವು ಬಲ್ಲೆವು.

ಇನ್ನೊಂದನ್ನು ನೋಡೋಣ. ಸ್ವಾಮಿಯ ಸಾವಿಗೆ ಸೇಡು ತೀರಿಸಿಕೊಂಡ 47 ಮಂದಿ ಸಮುರಾಯಿಗಳ ಕಥೆಯನ್ನು ಕೇಳದವರು ವಿರಳ. ನಿಜವಾದ ಘಟನೆಯು 1701ರಲ್ಲಿ ಆರಂಭವಾಗಿ 1703ರಲ್ಲಿ ಮುಗಿಯಿತು. 1748ರಲ್ಲಿ ಅದು ಬೊಂಬೆಯಾಟದ ನಾಟಕವಾಗಿ ಇಂದಿಗೂ ರಂಗದ ಮೇಲಿದೆ. ಆ ನಾಟಕದಲ್ಲಿ ಓಕರು ಎಂಬ ರೈತನ ಮಗಳೊಬ್ಬಳಿದ್ದಾಳೆ. ಆಕೆಯ ಗಂಡನು ಆ ವೀರರ ಗುಂಪಿಗೆ ಸೇರಬೇಕಾದರೆ ಹಣ ಬೇಕು. ಹಣಕ್ಕಾಗಿ ಆಕೆ ತನ್ನನ್ನು ವೇಶ್ಯಾಗೃಹಕ್ಕೆ ಮಾರಿಕೊಳ್ಳುತ್ತಾಳೆ. ಸ್ವಾಮಿಭಕ್ತಿಯ ಕೀರ್ತಿ 47 ಮಂದಿಗೆ ದೊರಕಿತು. ಆ ಭಕ್ತಿಯ ವೆಚ್ಚದಲ್ಲಿ ಒಂದು ಪಾಲು ಈ ಹುಡುಗಿಯ ಮೈಮೇಲೆ ಬಿದ್ದಿತು. ಮಗಳಿಗೆ ಈ ಕಥೆಯನ್ನು ಹೇಳುವ ತಾಯಿ ಈ ಭಾಗವನ್ನು ನಾಚಿಕೆಯಿಂದ ಬಿಟ್ಟುಬಿಡಬಾರದೆಂದು ನಮ್ಮ ವಿಜ್ಞಾಪನೆ. ನಾಚಬೇಕಾದವರು ಬೇರೆ ಇದ್ದಾರೆ.

ಆ ಕಾಲದ ಸಮುರಾಯಿ ಮನೆತನಗಳ ಹೆಂಗಸರು ನಿಜವಾಗಿ ಹೇಗೆ ಬಾಳುತ್ತಿದ್ದರೆಂಬುದನ್ನು ತಿಳಿಯಬೇಕಾದರೆ ಯಮಕವಾ ಕಿಕುಎ ಎಂಬ ವಿದುಷಿಯು 1943ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಬೇಕು. ಮಿತೊ ಎಂಬ ಸಂಸ್ಥಾನದಲ್ಲಿ ಬೆಳೆದ ತನ್ನ ತಾಯಿಯ ನೆನಪುಗಳನ್ನು ಆಧಾರವಾಗಿಟ್ಟುಕೊಂಡು ಆಕೆ ಅದನ್ನು ಬರೆದಳು. ಅಲ್ಲಿ ಚೆರಿ ಹೂವಿನ ಕೆಳಗೆ ನಿಟ್ಟುಸಿರಿಡುವ ನಾಯಿಕೆಯರಿಲ್ಲ. ನೂಲುವವರು, ನೇಯುವವರು, ಹೊಲಿಗೆ ಕಲಿಯುವುದಕ್ಕೆ ಗುರುವಿನ ಮನೆಗೆ ಹೋಗುವ ಹುಡುಗಿಯರು, ಸಾಲದ ಅಕ್ಕಿಯಲ್ಲಿ ಸಂಸಾರ ತೂಗಿಸುವ ಗೃಹಿಣಿಯರು, ಇವರೇ ಇದ್ದಾರೆ. ಕಡಮೆ ಸಂಬಳದ ಸಮುರಾಯಿಯ ಮಾನವು ಅವನ ಕತ್ತಿಯಿಂದ ಎಷ್ಟು ಉಳಿಯಿತೋ ಹೆಂಡತಿಯ ಮಗ್ಗದಿಂದಲೂ ಅಷ್ಟೇ ಉಳಿಯಿತು. ಹೆಂಗಸರಿಗಾಗಿ ಹದಿನೆಂಟನೆಯ ಶತಮಾನದಿಂದ ಮನೆಮನೆಗಳಲ್ಲಿ ಓದಿಸುತ್ತಿದ್ದ “ಓನ್ನ ದೈಗಾಕು” ಎಂಬ ನೀತಿಪುಸ್ತಕವು ಗಂಡನನ್ನೇ ಒಡೆಯನೆಂದು ಎಣಿಸಬೇಕೆಂದು ವಿಧಿಸುತ್ತಿತ್ತು. ಕ್ರೈಸ್ತನಾದ ನಿತೊಬೆ ಇನಾಜೊ ಕೂಡ 1900ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟಿಸಿದ “ಬುಷಿದೊ” ಗ್ರಂಥದಲ್ಲಿ, ಸ್ತ್ರೀಯು ಗಂಡನಿಗಾಗಿ, ಗಂಡನು ಒಡೆಯನಿಗಾಗಿ ತನ್ನನ್ನು ತಾನು ಇಲ್ಲವಾಗಿಸಿಕೊಳ್ಳುವ ಸರಪಣಿಯನ್ನು ಆದರದಿಂದ ವರ್ಣಿಸಿದನು. ಆ ಸರಪಣಿಯ ಕೊನೆಯ ಕೊಂಡಿಯಲ್ಲಿ ಯಾವಾಗಲೂ ಒಬ್ಬ ಹೆಂಗಸೇ ಇದ್ದಳೆಂಬುದನ್ನು ನಾವು ಗಮನಿಸಬೇಕು.

“ಕಥೆ ಕಥೆಯೇ ಸರಿ, ಇಷ್ಟು ಭಾರವನ್ನು ಅದರ ಮೇಲೇಕೆ ಹೊರಿಸುತ್ತೀರಿ?” ಎಂದು ಕೆಲವರು ಕೇಳಬಹುದು. ಹಾಗೆ ಹೊರಿಸಿದವರು ನಾವಲ್ಲ. ಸುಂದರವಾದ ಸಾವಿನ ಈ ಆದರ್ಶವನ್ನು ಇಪ್ಪತ್ತನೆಯ ಶತಮಾನದ ಜಪಾನೀ ಸೈನ್ಯವು ಕೈಗೆತ್ತಿಕೊಂಡಿತು. ಸೆರೆಸಿಕ್ಕುವ ಅವಮಾನವನ್ನು ಬದುಕಿ ಅನುಭವಿಸಕೂಡದೆಂದು 1941ರಲ್ಲಿ ಸೈನಿಕರಿಗೆ ಕೊಟ್ಟ ನಿಯಮಾವಳಿಯು ವಿಧಿಸಿತು. 1944ರ ಜುಲೈ ತಿಂಗಳಲ್ಲಿ ಸೈಪನ್ ದ್ವೀಪವು ಅಮೆರಿಕನರ ಕೈಸೇರಿದಾಗ, ಶತ್ರುವಿನ ಕೈಗೆ ಸಿಕ್ಕುವುದಕ್ಕಿಂತ ಸಾವೇ ಲೇಸೆಂದು ನಂಬಿಸಲ್ಪಟ್ಟಿದ್ದ ತಾಯಂದಿರು ಕೂಸುಗಳನ್ನು ಅವಚಿಕೊಂಡು ಕಡಲಂಚಿನ ಬಂಡೆಗಳಿಂದ ಕೆಳಗೆ ಹಾರಿದರು. ಅವರಲ್ಲಿ ಯಾರೂ ಸಮುರಾಯಿ ವಂಶದ ಅರಸಿಯರಾಗಿರಬೇಕಾಗಿರಲಿಲ್ಲ; ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಬಡ ಸಂಸಾರಗಳವರೇ ಅಲ್ಲಿ ಬಹಳ ಮಂದಿಯಿದ್ದರು. ಇದಕ್ಕೆ ಕಾದಂಬರಿಗಳೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಭಯವೂ ಸೈನ್ಯದ ಬಲವಂತವೂ ಅದಕ್ಕೆ ಕಾರಣವಾದುವು. ಆದರೆ ಒಂದು ಜನಾಂಗವು ತಲೆಮಾರುಗಳ ಕಾಲ ಯಾವ ಸಾವನ್ನು ಹಾಡಿ ಹೊಗಳುವುದೋ ಆ ಸಾವನ್ನು ಬೇಡುವುದು ಅಧಿಕಾರದಲ್ಲಿರುವವರಿಗೆ ಸುಲಭವಾಗುತ್ತದೆ.

ಇಷ್ಟು ಹೇಳಿದ ಮೇಲೆ, ಅದೇ ಸಮುರಾಯಿ ಮನೆಗಳಲ್ಲಿ ಹುಟ್ಟಿ ಬದುಕುವುದನ್ನು ಕಲಿತ ಮೂವರು ಸ್ತ್ರೀಯರನ್ನು ನೆನೆಯದಿದ್ದರೆ ಅನ್ಯಾಯವಾದೀತು.

ಒಬ್ಬಾಕೆ ಯಾಎ. 1845ರಲ್ಲಿ ಐಜು ಸಂಸ್ಥಾನದಲ್ಲಿ ಹುಟ್ಟಿದಳು. 1868ರ ಅಂತರ್ಯುದ್ಧದಲ್ಲಿ ಐಜುವಿನ ಕೋಟೆಗೆ ಮುತ್ತಿಗೆ ಬಿದ್ದಾಗ ಕೂದಲು ಕತ್ತರಿಸಿಕೊಂಡು, ಗಂಡುಡುಗೆ ತೊಟ್ಟು, ಬಂದೂಕು ಹಿಡಿದು ಹೋರಾಡಿದಳು. ಕಾದಂಬರಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆಯ ಕಥೆ ಅಲ್ಲಿಂದ ಮೊದಲಾಯಿತು. 1876ರ ಜನವರಿಯಲ್ಲಿ ಕ್ಯೋಟೊ ನಗರದಲ್ಲಿ ದೀಕ್ಷಾಸ್ನಾನ ಪಡೆದು, ಮಾರನೆಯ ದಿನವೇ ದೊಷಿಷಾ ವಿದ್ಯಾಸಂಸ್ಥೆಯ ಸ್ಥಾಪಕರಾದ ನೀಜಿಮಾ ಜೋ ಎಂಬವರನ್ನು ವಿವಾಹವಾದಳು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಆರಂಭದಲ್ಲಿ ಉಪಾಧ್ಯಾಯಿನಿಯಾಗಿ ದುಡಿದಳು. ಗಂಡನ ಸರಿಸಮನಾಗಿ ನಡೆದುದಕ್ಕಾಗಿ ಲೋಕವು ಆಕೆಯನ್ನು ಕೆಟ್ಟ ಹೆಂಡತಿಯೆಂದಿತು. ಮುಂದೆ ಯುದ್ಧಕಾಲಗಳಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, 1932ರ ವರೆಗೆ ಬಾಳಿದಳು.

ಎರಡನೆಯಾಕೆ ತ್ಸುದಾ ಉಮೆಕೊ. ಸಮುರಾಯಿಯೊಬ್ಬನ ಮಗಳು. 1871ರಲ್ಲಿ ಸರಕಾರವು ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಕಳುಹಿಸಿದ ಐದು ಹುಡುಗಿಯರಲ್ಲಿ ಅತ್ಯಂತ ಕಿರಿಯಳು. ಆಗ ಆಕೆಗೆ ಆರೇ ವರ್ಷ. ಹಿಂದಿರುಗುವ ವೇಳೆಗೆ ತಾಯ್ನುಡಿಯೇ ಮರೆತುಹೋಗಿತ್ತು. 1900ರಲ್ಲಿ ಹತ್ತು ಮಂದಿ ವಿದ್ಯಾರ್ಥಿನಿಯರೊಂದಿಗೆ ಆಕೆ ತೆರೆದ ಶಾಲೆಯು ಇಂದು ವಿಶ್ವವಿದ್ಯಾನಿಲಯವಾಗಿದೆ. 1984ರಲ್ಲಿ ಜಪಾನಿನ 5000 ಯೆನ್ ನೋಟಿನ ಮೇಲೆ “ಬುಷಿದೊ” ಬರೆದ ನಿತೊಬೆಯ ಚಿತ್ರವಿದ್ದಿತು. 2024ರಲ್ಲಿ ಹೊರಟ ನೋಟಿನ ಮೇಲೆ ಉಮೆಕೊ ಇದ್ದಾಳೆ.

ಮೂರನೆಯಾಕೆ ಸುಗಿಮೊತೊ ಎತ್ಸು. ನಾಗಓಕ ಸಂಸ್ಥಾನದ ಮಂತ್ರಿಯ ಮಗಳು. 1925ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟವಾದ ಆಕೆಯ ಆತ್ಮಕಥೆ “ಸಮುರಾಯಿಯ ಮಗಳು” ನಮ್ಮ ಪ್ರತಿಯೊಬ್ಬ ಹುಡುಗಿಯೂ ಓದತಕ್ಕ ಪುಸ್ತಕ. ಬಾಲ್ಯದಲ್ಲಿ ಗುರುವಿನ ಮುಂದೆ ಎರಡು ಗಂಟೆಯ ಕಾಲ ಮೈ ಅಲುಗಿಸದೆ ಕುಳಿತು ಪಾಠ ಕೇಳಬೇಕಾಗಿತ್ತು. ಒಂದು ದಿನ ಸ್ವಲ್ಪ ಅಲುಗಿದುದಕ್ಕೆ, ಮನಸ್ಸು ಪಾಠಕ್ಕೆ ಸಿದ್ಧವಾಗಿಲ್ಲವೆಂದು ಗುರುವು ಆಕೆಯನ್ನು ಕೋಣೆಗೆ ಕಳುಹಿಸಿಬಿಟ್ಟನು. ಆ ಬಳಿಕ ತೋಕಿಯೊ ನಗರದ ಮಿಷನ್ ಶಾಲೆಗೆ ಸೇರಿದಳು. ಅಲ್ಲಿ ಪ್ರತಿಯೊಬ್ಬ ಹುಡುಗಿಗೂ ತೋಟದಲ್ಲಿ ಸ್ವಲ್ಪ ನೆಲವನ್ನು ಕೊಟ್ಟು, ಇಷ್ಟಬಂದುದನ್ನು ನೆಟ್ಟುಕೊಳ್ಳಬಹುದೆಂದು ಹೇಳಿದರು. ಮಂತ್ರಿಯ ಮಗಳು ಏನನ್ನು ನೆಟ್ಟಳು? ಉರುಳಗಡ್ಡೆಯನ್ನು! ಹೂದೋಟದಲ್ಲಿ ಉರುಳಗಡ್ಡೆ ನೆಡುವವರು ಬೇರೆ ಯಾರೂ ಇರಲಿಲ್ಲ. ಅದರಿಂದ ಮನೆತನದ ಮಾನ ಹೋಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ತನಗೆ ಬೇಕಾದುದನ್ನು ತಾನು ಮಾಡಿದೆನೆಂಬ ಆನಂದ ಮಾತ್ರ ಆಕೆಗಾಯಿತು. ಷೋಗುನ್ನರ ಕಥೆಗಳಲ್ಲಿರುವ ನೂರು ಖಡ್ಗಯುದ್ಧಗಳಿಗಿಂತ ಆ ಒಂದು ಪಾತಿ ಉರುಳಗಡ್ಡೆಯಲ್ಲಿ ಹೆಚ್ಚು ಧೈರ್ಯವಿದೆಯೆಂದು ನಾವು ಎಣಿಸುತ್ತೇವೆ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ಪುಸ್ತಕವನ್ನು ಕಿತ್ತುಕೊಳ್ಳಬೇಡಿರಿ. ಕಿತ್ತುಕೊಂಡ ಪುಸ್ತಕವನ್ನು ಹುಡುಗಿಯು ಒಬ್ಬಳೇ ಓದುವಳು. ಒಬ್ಬಳೇ ಓದಿದ ಕಥೆಯಲ್ಲಿ ಅವಳನ್ನು ಪ್ರಶ್ನಿಸುವವರಿರುವುದಿಲ್ಲ. ನೀವೂ ಓದಿರಿ. ಓದಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಕಥೆಯಲ್ಲಿ ಆಜ್ಞೆ ಮಾಡಿದವರು ಯಾರು? ಬೆಲೆ ತೆತ್ತವರು ಯಾರು? ಸತ್ತವಳು ಬದುಕಿದ್ದರೆ ಏನು ಮಾಡುತ್ತಿದ್ದಳು? ಮೂರನೆಯ ಪ್ರಶ್ನೆಗೆ ಕಾದಂಬರಿಕಾರನು ಉತ್ತರ ಕೊಡಲಾರನು. ಯಾಎ, ಉಮೆಕೊ, ಎತ್ಸು ಕೊಡಬಲ್ಲರು.

ನಮ್ಮ ಶಾಲೆಯಿಂದ ಹೊರಟು ಸಂಸಾರವಂದಿಗರಾಗಿರುವ ಪೂರ್ವ ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಜಪಾನಿನ ಆ ಕಾಲವು ಕಳೆದುಹೋಯಿತು. ಆದರೆ ಗಂಡನ ಮಾನಕ್ಕಾಗಿ, ಮನೆತನದ ಹೆಸರಿಗಾಗಿ, ನಾಲ್ಕು ಜನರ ಮಾತಿಗಾಗಿ ತಾನು ಇಲ್ಲವಾಗಬೇಕೆಂದು ಹುಡುಗಿಯೊಬ್ಬಳಿಗೆ ಕಲಿಸುವ ವಾಡಿಕೆಯು ನಮ್ಮ ಊರುಗಳಲ್ಲಿ ಇನ್ನೂ ಕಳೆದುಹೋಗಿಲ್ಲ. ಮೆಲ್ಲನೆ, ಪ್ರೀತಿಯ ಮಾತಿನಲ್ಲಿಯೇ ಅದನ್ನು ಕಲಿಸುತ್ತೇವೆ. ತ್ಯಾಗವು ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತಾನಾಗಿ ಕೊಟ್ಟುದು ಮಾತ್ರ ತ್ಯಾಗ. ಇನ್ನೊಬ್ಬರು ಅವಳ ಕೈಯಿಂದ ತೆಗೆದುಕೊಂಡುದಕ್ಕೆ ಆ ಹೆಸರು ಸಲ್ಲದು. ನಿಮ್ಮ ಹೆಣ್ಣುಮಕ್ಕಳಿಗೆ ಈ ಭೇದವನ್ನು ತಿಳಿಸಿಕೊಡಿರಿ. ಜೊತೆಗೆ ಅವರಿಗೆಂದೇ ಒಂದು ಪಾತಿ ನೆಲವನ್ನು ಬಿಟ್ಟುಕೊಡಿರಿ. ಅವರು ಏನನ್ನು ನೆಡುವರೆಂಬುದನ್ನು ನೋಡುವ ತಾಳ್ಮೆ ನಮಗೆಲ್ಲರಿಗೂ ಇರಲಿ.